ನಾನು ಹ್ಞೂಂ ಎನ್ನದೆ ಹೋದ ಮಧ್ಯಾಹ್ನ

ನಿಮ್ಮ ದೊಡ್ಡಕ್ಕನ ಕಂಪ್ಯೂಟರನ್ನು ನಾನು ರಿಪೇರಿ ಮಾಡಿದೆ ಎಂದು ತಿಳವಳ್ಳಿಯಲ್ಲಿ ಈಗಲೂ ಕೆಲವರು ನಂಬಿದ್ದಾರೆ. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬಾಕೆ ನನ್ನ ಕೈಗೆ ಮೊಬೈಲ್ ಕೊಟ್ಟು, “ಇದರಾಗ ದನಿ ಬರವಲ್ದು, ಒಂಚೂರು ನೋಡ್ರಿ” ಎಂದಳು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ತಿರುಗಿಸಿ ನೋಡಿ, ಸೆರಗಿನಿಂದ ಒರೆಸಿ, ವಾಪಸು ಕೊಟ್ಟೆ. ಪುಣ್ಯಕ್ಕೆ ಅಷ್ಟರಲ್ಲಿ ಹಾನಗಲ್ಲಿನ ಬಸ್ ಬಂತು. ಮೊಮ್ಮಕ್ಕಳಾದ ನಿಮಗಾದರೂ ನಿಜ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ಓದು ದುಂಡಸಿಯ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ. ಅಲ್ಲಿಯೂ ಕಂಬದ ಹಿಂದಿನ ಜಾಗ ನನ್ನದು. ಮಾಸ್ತರರು ಪ್ರಶ್ನೆ ಕೇಳಿದರೆ ಕಂಬವೇ ಉತ್ತರ ಕೊಡಲಿ ಎಂದು ಕಾಯುತ್ತಿದ್ದೆ. ನನ್ನನ್ನು ನೋಡಲು ತಿಳವಳ್ಳಿಯಿಂದ ಬಂದ ಬೀಗರು ಹೋಗುವಾಗ ನಮ್ಮಪ್ಪನನ್ನು ಪಕ್ಕಕ್ಕೆ ಕರೆದು, “ಹುಡುಗಿಗೆ ಮಾತು ಬರ್ತಾವೇನ್ರಿ?” ಎಂದು ಕೇಳಿದ್ದರಂತೆ. ಬರುತ್ತಿದ್ದವು. ಒಂದೇ ಮಾತು, ಹ್ಞೂಂ. ಅತ್ತೆಗೆ ಹ್ಞೂಂ, ನಿಮ್ಮಜ್ಜನಿಗೆ ಹ್ಞೂಂ, ಬಳೆ ಮಾರುವವನಿಗೂ ಹ್ಞೂಂ. ಅದರಿಂದಾಗಿ ಬೇಡದ ಬಳೆಗಳು ಡಬ್ಬಿ ತುಂಬ ಇವೆ.

ನಿಮ್ಮ ದೊಡ್ಡಕ್ಕ ಓದಿನ ಕೊನೆಯ ವರ್ಷದಲ್ಲಿ ನನ್ನ ಬಳಿ ಬಂದಳು. ಹಿರೇಕೆರೂರಿನ ಅವರ ಮನೆಯ ಪಕ್ಕದಲ್ಲಿ ಹೊಸ ಕಟ್ಟಡ ಏಳುತ್ತಿತ್ತು. ಕಲ್ಲು ಕೊರೆಯುವ ಸದ್ದಿನಲ್ಲಿ ತಲೆ ಓಡುವುದಿಲ್ಲವೆಂದು ಲ್ಯಾಪ್‌ಟಾಪ್ ಹೊತ್ತು ಬಂದು ನಮ್ಮ ಪಡಸಾಲೆಯಲ್ಲಿ ಕುಳಿತಳು. ಪರದೆಯ ಮೇಲೆ ಚಿತ್ರ ಮೂಡಿಸಲು ಕಂಪ್ಯೂಟರಿನೊಳಗೆ ಗ್ರಾಫಿಕ್ಸ್ ಕಾರ್ಡ್ ಎಂಬ ಹಲಗೆ ಇರುತ್ತದೆ. ಆ ಕಾರ್ಡಿಗೂ ಕಂಪ್ಯೂಟರಿಗೂ ನಡುವೆ ಮಾತು ತಲುಪಿಸುವ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ಅವಳು ಅಂಥ ಒಂದು ಡ್ರೈವರ್ ಬರೆಯುತ್ತಿದ್ದಳು. ಅವಳ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿಯಾಗಿತ್ತು. ಆದರೆ ಕಾಲೇಜಿನ ಹೊಸ ಯಂತ್ರಕ್ಕೆ ಇಂಟರ್ನೆಟ್ಟಿನಲ್ಲಿ ಕಳಿಸಿ ಓಡಿಸಿದರೆ ತಪ್ಪಿದೆ ಎಂಬ ಸಾಲು ಬಂದು ನಿಂತುಬಿಡುತ್ತಿತ್ತು. ಸೋಮವಾರ ಅದೇ ಯಂತ್ರದಲ್ಲಿ ಪರೀಕ್ಷಕರ ಮುಂದೆ ತೋರಿಸಬೇಕು. ಪರದೆ ಬೆಳಗದಿದ್ದರೆ ಫೇಲು, ಮತ್ತೆ ಆರು ತಿಂಗಳು. ಹುಡುಗಿ ರೊಟ್ಟಿಯನ್ನು ಮುರಿದು ಮುರಿದು ತಾಟಿನ ಅಂಚಿಗೆ ಸಾಲಾಗಿ ಇಡುತ್ತಿದ್ದಳೇ ಹೊರತು ತಿನ್ನುತ್ತಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ನನ್ನೆದುರು ಬಂದು ಕುಳಿತಳು.

“ಅಜ್ಜಿ, ನಾ ಮೊದಲಿಂದ ಎಲ್ಲಾ ಹೇಳ್ತೇನಿ. ನೀ ಹ್ಞೂಂ ಅನಕೋಂತ ಕೇಳು.”

“ನನಗೇನ ತಿಳಿತೈತಿ ಯವ್ವಾ?”

“ತಿಳಿಯೂದ ಬ್ಯಾಡ. ಸಣ್ಣಾಕಿ ಇದ್ದಾಗ ನೀ ಕತಿ ಹೇಳುಮುಂದ ನಾ ಹ್ಞೂಂ ಅಂತಿದ್ನೆಲ್ಲ, ಹಂಗ ಅನ್ನು.”

ನಮ್ಮ ಮನೆಗಳಲ್ಲಿ ಹ್ಞೂಂ ಎನ್ನುವವರಿಲ್ಲದೆ ಕತೆ ಮುಂದಕ್ಕೆ ಹೋಗುವುದಿಲ್ಲ. ಕೇಳುವವರು ಸುಮ್ಮನಾದರೆ ಹೇಳುವವರು ಅಲ್ಲಿಯೇ ನಿಲ್ಲಬೇಕು. ಈ ಕೆಲಸದಲ್ಲಿ ನನಗೆ ಅರವತ್ತು ವರ್ಷದ ಅನುಭವ. ಧೈರ್ಯದಿಂದ ಒಪ್ಪಿಕೊಂಡೆ.

“ಕಂಪ್ಯೂಟರಿನ ನೆನಪಿನಾಗ ಜಾಗಾ ಕೇಳಿದ್ರ ಬೇಕಾದಷ್ಟ ಕೊಡಂಗಿಲ್ಲ. ಪುಟದ ಲೆಕ್ಕದಾಗ ಕೊಡ್ತೈತಿ. ಒಂದ ಅಕ್ಷರ ಇಡೂದಿದ್ರೂ ಇಡೀ ಪುಟ ತಗೋಬೇಕು.”

“ಹ್ಞೂಂ. ನನ್ನ ಕೌದಿ ಇದ್ಧಂಗ.”

“ಕೌದ್ಯಾಗ ನೀ ಬೇಕಾದಂಗ ತುಂಡ ಹಚ್ತಿ. ಅಲ್ಲ.”

“ಹಂಗಾರ ಬಸ್ ಸೀಟ ಇದ್ಧಂಗ.”

“ನಮ್ಮ ಬಸ್ಸಿನಾಗ ಮೂರ ಮಂದಿ ಸೀಟಿಗೆ ಐದ ಮಂದಿ ಕುಂದ್ರತೀರಿ. ಅದೂ ಅಲ್ಲ.” ಅವಳು ಹಿತ್ತಲ ಕಡೆ ನೋಡಿದಳು. “ನಿನ್ನ ಮೆಂತ್ಯದ ಮಡಿ ಇದ್ಧಂಗ ನೋಡು. ನೀರ ಬಿಟ್ರ ಇಡೀ ಮಡಿ ತುಂಬ್ತೈತಿ, ಅರ್ಧ ಮಡಿಗೆ ಬಿಡಾಕ ಬರಂಗಿಲ್ಲ. ಮತ್ತ ಮಡಿ ಬಾಯಿಂದನ ಬಿಡಬೇಕು. ನಡುವ ಬದು ಒಡದು ನುಗ್ಗಿಸಾಂಗಿಲ್ಲ. ಇಲ್ಲೂ ಹಂಗ, ಜಾಗಾ ಸುರು ಆಗೂದು ಪುಟ ಸುರು ಆಗೂ ಗೆರಿಯಿಂದನ ಇರಬೇಕು.”

ಇದು ನನಗೆ ನಿಜವಾಗಿಯೂ ತಿಳಿಯಿತು. ತಿಳಿದ ಸಂಭ್ರಮಕ್ಕೆ ಎಲೆಯ ಬುಟ್ಟಿ ಎಳೆದುಕೊಂಡೆ. ಸವಣೂರಿನ ಎಲೆ, ಅಂದೇ ಬಂದದ್ದು. ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಒಂದರ ಬದಲು ಎರಡು ಮಡಿಸಿ ಬಾಯಿಗಿಟ್ಟೆ. ಅವಳು ಹೇಳುತ್ತಲೇ ಇದ್ದಳು. ಕಾರ್ಡಿಗೆ ಬೇರೆ ಪುಟ, ಕಂಪ್ಯೂಟರಿಗೆ ಬೇರೆ ಪುಟ, ಎರಡನ್ನೂ ಹೊಂದಿಸುವುದು ಡ್ರೈವರಿನ ಕೆಲಸ ಎಂದಳು. ನಾನು ಮೂಗಿನಲ್ಲಿಯೇ ಹ್ಞೂಂ ಹ್ಞೂಂ ಎಂದೆ.

“ಆಮ್ಯಾಲ, ಒಂದ ಪುಟ ಅಂದ್ರ ನಾಲ್ಕ ಕೆಬಿ ಅಳತಿ, ಚಿತ್ರಕ್ಕ ಬೇಕಾದ ಜಾಗಾನ ಆ ನಾಲ್ಕ ಕೆಬಿ ಗೆರಿಗೆ ಹೊಂದಿಸಿ ಕೊಡ್ತೇನಿ.”

ಆ ಹೊತ್ತಿಗೆ ನನ್ನ ಬಾಯಿ ರಸದಿಂದ ತುಂಬಿ ತುಳುಕುವಂತಾಗಿತ್ತು. ಹ್ಞೂಂ ಎಂದರೆ ಲ್ಯಾಪ್‌ಟಾಪಿನ ಮೇಲೆಯೇ ಬೀಳುವ ಅಂದಾಜು. ತುಟಿ ಬಿಗಿದು ಕತ್ತು ಮೇಲೆ ಮಾಡಿ ಕುಳಿತೆ.

“ಯಾಕಜ್ಜಿ ಸುಮ್ಮನಾದಿ?”

ನಾನು ಸೂರು ನೋಡಿದೆ.

“ಅದ್ರಾಗೇನ ತಪ್ಪೈತಿ? ನಾಲ್ಕ ಕೆಬಿ ಗೆರಿಗೆ ಹೊಂದಸ್ತೇನಿ. ಎಲ್ಲಾರೂ ಹಂಗ ಮಾಡ್ತಾರ.” ಅವಳು ತಡೆದಳು. “ನಾಲ್ಕ ಅಂತ ಯಾರ ಹೇಳಿದ್ರು? ನನ್ನ ಲ್ಯಾಪ್‌ಟಾಪಿನಾಗ ನಾಲ್ಕು. ಅಲ್ಲಿ... ಅಯ್ಯ ಅಜ್ಜಿ!”

ಅವಳು ಲ್ಯಾಪ್‌ಟಾಪಿನ ಮೇಲೆ ಬಗ್ಗಿ ಏನೋ ಬಡಿದಳು. ಕಾಲೇಜಿನ ಯಂತ್ರವನ್ನು ನಿನ್ನ ಪುಟ ಎಷ್ಟು ದೊಡ್ಡದು ಎಂದು ಕೇಳಿದಳಂತೆ. ಅರವತ್ನಾಲ್ಕು ಕೆಬಿ ಎಂದಿತಂತೆ. ನಮ್ಮ ಹಿತ್ತಲಿನ ಹದಿನಾರು ಮಡಿ ಸೇರಿದರೆ ಅಲ್ಲಿಯ ಒಂದು ಮಡಿ. ನಮ್ಮ ಒಂಬತ್ತನೆಯ ಮಡಿಯ ಬಾಯಿ ಎಂದು ಇವಳು ನೀರು ಬಿಟ್ಟ ಜಾಗ ಅಲ್ಲಿ ದೊಡ್ಡ ಮಡಿಯ ನಟ್ಟನಡುವೆ. ಯಂತ್ರ ಒಲ್ಲೆನೆಂದು ಕುಳಿತದ್ದು ಅದಕ್ಕೆ. ನಾಲ್ಕು ಎಂಬ ಅಂಕಿಯನ್ನು ಕೈಯಾರೆ ಬರೆದಿಟ್ಟಲ್ಲೆಲ್ಲ ಅವಳು ಅದನ್ನು ಅಳಿಸಿ, ಯಂತ್ರವನ್ನೇ ಕೇಳಿ ಆ ಗೆರೆಗೆ ಹೊಂದಿಸಿಕೊ ಎಂದು ಬರೆದಳು.

“ನಿನಗ ಹೆಂಗ ಗೊತ್ತಾತಜ್ಜಿ? ಸರಿಯಾಗಿ ಅಲ್ಲೇ ಹ್ಞೂಂ ಅನ್ಲಿಲ್ಲಲ್ಲ!”

ನಾನು ಎದ್ದು ಹಿತ್ತಲಿಗೆ ಓಡಿದೆ, ಉಗುಳಿ ಬಾಯಿ ತೊಳೆದು ಬಂದು ನಿಜ ಹೇಳಿದೆ. ಅವಳು ನೆಲಕ್ಕೆ ಉರುಳಿ ನಕ್ಕಳು. ಆ ನಗು ಗೋಡೆಗೆ ಗೋಡೆ ಹಚ್ಚಿದ ಪಕ್ಕದ ಮನೆಯ ಅಕ್ಕನಿಗೆ ಕೇಳಿಸಿತು. ಅವಳು ಒಳಗೆ ಬಂದು ವಿಷಯದ ಮೊದಲರ್ಧ ಕೇಳಿಸಿಕೊಂಡು, ಎಲೆಯಡಿಕೆಯ ಭಾಗ ಬರುವ ಮೊದಲೇ ಊರಿಗೆ ಸುದ್ದಿ ಹೇಳಲು ಹೊರಟುಹೋದಳು.

ತಪ್ಪಿನ ಸಾಲೇನೋ ಹೋಯಿತು. ಆದರೆ ಚಿತ್ರ ಮೂಡಿತೋ ಇಲ್ಲವೋ ಎಂಬುದು ಅಲ್ಲಿಯ ಪರದೆಯನ್ನು ಕಣ್ಣಿಂದ ನೋಡಿದರೆ ಮಾತ್ರ ತಿಳಿಯುವಂಥದ್ದು. ಸೋಮವಾರ ಕಾಲೇಜಿನಿಂದ ವಿಡಿಯೋ ಕರೆ ಮಾಡಿ, ಫೋನನ್ನು ಮೇಜಿನ ಮೇಲೆ ಒರಗಿಸಿಟ್ಟು, ತನ್ನ ಕೆಲಸಕ್ಕೆ ನಿಂತಳು. ಇತ್ತ ನನ್ನ ಪಡಸಾಲೆಯಲ್ಲಿ ಪಕ್ಕದ ಅಕ್ಕ ಮತ್ತು ಅವಳು ಕರೆತಂದ ಓಣಿಯ ಹೆಂಗಸರು ನನ್ನ ಫೋನಿನ ಮುಂದೆ ಮುಗಿಬಿದ್ದಿದ್ದರು. ಕಾಲೇಜಿನ ಯಂತ್ರದ ಪರದೆ ಕಪ್ಪಗಿತ್ತು. ತುಂಬ ಹೊತ್ತು ಕಪ್ಪಗೇ ಇತ್ತು. ಆಮೇಲೆ ಅದರ ಮೇಲೆ ಒಂದು ತ್ರಿಕೋಣ ಮೂಡಿತು. ಒಂದು ಮೂಲೆ ಕೆಂಪು, ಒಂದು ಹಸಿರು, ಒಂದು ನೀಲಿ.

ಅಲ್ಲಿದ್ದವರು ಚಪ್ಪಾಳೆ ತಟ್ಟಿದರು. ನಮ್ಮವರು ಮುಂದೇನೋ ಬರುತ್ತದೆಂದು ಕಾದರು.

“ಇಷ್ಟನ?” ಎಂದಳು ಪಕ್ಕದ ಅಕ್ಕ. “ನಮ್ಮ ಮೊಮ್ಮಗನ ಮೊಬೈಲಿನಾಗ ಹುಲಿ ಜಿಗಿತೈತಿ. ಇಕಿ ಇಷ್ಟ ದಿನ ಉಪಾಸ ಕುಂತು ಒಂದ ಸಮೋಸ ಮಾಡಿದ್ಲಾ?”

ಎಲ್ಲರೂ ನಕ್ಕರು. ನನಗೆ ಏನಾಯಿತೋ ತಿಳಿಯದು.

“ಏನ ಗೊತ್ತೈತ್ಲೇ ನಿನಗ? ಹುಲಿ ಜಿಗೀಬೇಕಂದ್ರ ಮೊದ್ಲ ನೀರ ಮಡಿಗೆ ಹೋಗಬೇಕು! ಪುಟದ ಬಾಯಿ ಎಲ್ಲೈತಂತ ಗೊತ್ತಾಗದ ನಿನ್ನ ಹುಲಿ ಎಲ್ಲಿ ಕಾಲಿಡ್ತೈತಿ? ಒಂದೊಂದ ಯಂತ್ರದಾಗ ಒಂದೊಂದ ಅಳತಿ ಮಡಿ. ಕೇಳಿ ಬಿಡಬೇಕು, ಕೇಳದ ಬಿಟ್ರ ಬದು ಒಡೀತೈತಿ!”

ಅಷ್ಟು ಮಾತು ನನ್ನಿಂದ ಅವರು ಒಟ್ಟಿಗೆ ಕೇಳಿದ್ದೇ ಇಲ್ಲ. ನಾನೂ ಕೇಳಿರಲಿಲ್ಲ.

ಆಗ ಫೋನಿನಿಂದ ನಿಮ್ಮ ದೊಡ್ಡಕ್ಕನ ಸಣ್ಣ ದನಿ ಬಂತು. “ಅಜ್ಜಿ, ಫೋನ ಇನ್ನೂ ಚಾಲೂ ಐತಿ. ಸರ್ ಎಲ್ಲಾ ಕೇಳಾಕತ್ತಾರ.”

ಗಂಡಸಿನ ದನಿಯೊಂದು, “ಛಲೋ ಹೇಳಿದ್ರಿ ಅಮ್ಮಾರ, ಇನ್ನೊಮ್ಮೆ ಹೇಳ್ರಿ, ನಮ್ಮ ಹುಡುಗರೂ ಕೇಳ್ಲಿ” ಎಂದಿತು.

ನಾನು ಅಡುಗೆಮನೆ ಸೇರಿ ಬಾಗಿಲು ಮುಂದೆ ಮಾಡಿಕೊಂಡೆ. ಹೊರಗೆ ಪಕ್ಕದ ಅಕ್ಕ ಫೋನಿಗೆ ಬಾಯಿ ಹಚ್ಚಿ ಕೇಳುತ್ತಿದ್ದಳು: “ಆಕಿ ಇನ್ನ ಬರಾಂಗಿಲ್ರಿ, ನಾಚಿಕಿ ಸ್ವಭಾವ. ಅದಿರ್ಲಿ, ನಮ್ಮ ಹುಡುಗಿ ಪಾಸೋ ಫೇಲೋ ಅದನ್ನ ಹೇಳ್ರಿ.”

“ಪಾಸ್ ರೀ.”

“ಏ, ಕೇಳಿದೇನ? ಪಾಸಾದ್ಲಂತ! ಒಳಗ ಏನ ಮಾಡಾಕತ್ತಿ?”

“ಚಾ ಇಟ್ಟೇನಿ” ಎಂದು ಕೂಗಿದೆ. ಕಣ್ಣೀರಿನಲ್ಲಿ ಏನೂ ಕಾಣುತ್ತಿರಲಿಲ್ಲ. ಒರೆಸಿಕೊಂಡು ನೋಡಿದರೆ, ಹೊತ್ತಿಸದ ಒಲೆಯ ಮೇಲೆ ಖಾಲಿ ಪಾತ್ರೆ ಇಟ್ಟು ಚಮಚದಿಂದ ತಿರುವುತ್ತಿದ್ದೆ.