ಮೊಟ್ಟೆಯ ಸಿಪ್ಪೆ

ಶಿವಾಜಿನಗರದ ನಮ್ಮ ಶಾಲೆಯ ಭೂಗೋಳದ ಮೇಡಂ, ಬೇಯಿಸಿದ ಮೊಟ್ಟೆಯನ್ನು ಸಿಪ್ಪೆಸಮೇತ ಕೊಯ್ದು ಭೂಮಿಯ ಪದರಗಳನ್ನು ತೋರಿಸುತ್ತಿದ್ದರು. ಹಳದಿ ಎಂದರೆ ಕೇಂದ್ರಗೋಳ, ಬಿಳಿ ಎಂದರೆ ಮ್ಯಾಂಟಲ್, ಸಿಪ್ಪೆ ಎಂದರೆ ನಾವಿರುವ ಭೂಕವಚ. “ಎಷ್ಟೇ ತೋಡಿದ್ರೂ ಸಿಪ್ಪೆ ದಾಟಲ್ಲ ಬೇಟಾ,” ಎನ್ನುತ್ತಿದ್ದರು. ಆ ಮೊಟ್ಟೆಯನ್ನು ಕೊನೆಗೆ ನಾನೇ ತಿಂದಂತೆ ನೆನಪು. ಆದರೆ ತರಗತಿಯ ಎಲ್ಲರಿಗೂ ತಾವೇ ತಿಂದಂತೆ ನೆನಪಿರಬಹುದು.

ಹೋದ ವರ್ಷ ಟಿನ್ ಫ್ಯಾಕ್ಟರಿ ಹತ್ತಿರ ಬೈಕ್ ಅಪಘಾತದಲ್ಲಿ ಅವರ ಮಗ ತೀರಿಕೊಂಡ. ಅವರ ಮನೆಯ ಹೆಂಗಸರು ಖಬರಸ್ತಾನಕ್ಕೆ ಹೋಗುವುದಿಲ್ಲ. ಮಣ್ಣು ಹಾಕಿ ಬಂದ ನನ್ನನ್ನು ಮೇಡಂ ಬಾಗಿಲಲ್ಲೇ ನಿಲ್ಲಿಸಿದರು.

“ಎಷ್ಟು ಆಳ ತೋಡಿದ್ರು ಬೇಟಾ?”

“ಎದೆಮಟ್ಟ ಇತ್ತು ಮೇಡಂ.”

ಪಾಠದಲ್ಲಿ ಸಿಪ್ಪೆಯ ದಪ್ಪ ತೋರಿಸುತ್ತಿದ್ದಂತೆಯೇ ಹೆಬ್ಬೆರಳನ್ನೂ ತೋರುಬೆರಳನ್ನೂ ತಾಗುವಷ್ಟು ಹತ್ತಿರ ತಂದರು.

“ಹಾಗಾದ್ರೆ ಇನ್ನೂ ಸಿಪ್ಪೆಯಲ್ಲೇ ಇದ್ದಾನೆ,” ಎಂದರು.

ಆ ಬೆರಳುಗಳನ್ನು ಅವರು ಬಹಳ ಹೊತ್ತು ಬಿಡಿಸಲಿಲ್ಲ.