ಪಕ್ಕದ ಮನೆಯ ಮುಚ್ಚಳದ ಬಟ್ಟಲು

ಸಿಂಗಪುರಕ್ಕೆ ಬಂದ ಹೊಸತರಲ್ಲಿ, ತೊಂಬತ್ತರ ದಶಕದ ಆರಂಭದಲ್ಲಿ, ನನಗಿದ್ದ ಚಿಂತೆ ಒಂದೇ. ನಾಲ್ಕು ವರ್ಷದ ಮಗಳು ಊಟ ಬಿಟ್ಟಿದ್ದಳು. ಮೈಸೂರಿನಲ್ಲಿ ಅಜ್ಜಿಯ ಕೈತುತ್ತು ತಿಂದು ಗುಂಡುಗುಂಡಗಿದ್ದ ಮಗು ಬಿಶಾನಿನ ಒಂಬತ್ತನೇ ಮಹಡಿಯ ಫ್ಲ್ಯಾಟಿಗೆ ಬಂದದ್ದೇ ತಡ, ಸಾರನ್ನ ಕಂಡರೆ ಮುಖ ತಿರುಗಿಸತೊಡಗಿತು. ಸ್ನಾನ ಮಾಡಿಸುವಾಗ ಪಕ್ಕೆಲುಬು ಕೈಗೆ ಸಿಗುತ್ತಿತ್ತು. ನನಗೆ ರೇಗಿಹೋಯಿತು.

"ದಸರಾದೊಳಗೆ ಇವಳು ನೆಟ್ಟಗೆ ಊಟ ಮಾಡ್ದೇ ಇದ್ರೆ ನಾವಿಬ್ರೂ ವಾಪಸ್ ಹೋಗ್ತೀವಿ. ನಿಮ್ಮ ಕೆಲಸ ನಿಮಗಿರ್ಲಿ," ಎಂದೆ ಗಂಡನಿಗೆ.

"ಸ್ವಲ್ಪ ಟೈಮ್ ಕೊಡೇ, ಸೆಟ್ಲ್ ಆಗ್ತಾಳೆ," ಎಂದರು. ಅವರಿಗೇನು, ಬೆಳಿಗ್ಗೆ ಎಂಆರ್‌ಟಿ ರೈಲು ಹತ್ತಿದರೆ ಮುಗಿಯಿತು. ತಟ್ಟೆ ಹಿಡಿದುಕೊಂಡು, ಕಟ್ಟಡದ ಕೆಳಗೆ ವಾಯ್ಡ್ ಡೆಕ್ ಎನ್ನುವ ತೆರೆದ ಹಜಾರದಲ್ಲಿ ಮಗುವಿನ ಹಿಂದೆ ಕಂಬ ಕಂಬ ಸುತ್ತುವವಳು ನಾನು.

ಪಕ್ಕದ ಮನೆಯಲ್ಲಿ ಒಬ್ಬಂಟಿ ಚೀನೀ ಹೆಂಗಸೊಬ್ಬರಿದ್ದರು. ಅರವತ್ತು ದಾಟಿತ್ತು. ನಾವೆಲ್ಲ ಆಂಟಿ ಎನ್ನುತ್ತಿದ್ದೆವು. ಲಿಫ್ಟಿನಲ್ಲಿ ಮೊದಲ ಸಲ ಸಿಕ್ಕಾಗಲೇ ನಾನು, "ನೋ ಮೀಟ್, ನೋ ಫಿಶ್, ನೋ ಎಗ್," ಎಂದು ಕೈ ಅಲ್ಲಾಡಿಸಿ ಹೇಳಿಬಿಟ್ಟಿದ್ದೆ. ಆಕೆ ತಲೆಯಾಡಿಸಿದ್ದರು. ಅರ್ಥವಾಗಿರಲಾರದು ಎಂದುಕೊಂಡೆ.

ಒಂದು ವಾರಕ್ಕೆ ಆಂಟಿ ಮುಚ್ಚಳದ ಬಟ್ಟಲು ತಂದುಕೊಟ್ಟರು. ತೆಗೆದು ನೋಡಿದರೆ ಕಂದು ಬಣ್ಣದ, ಸುಕ್ಕುಗಟ್ಟಿದ ತೊಗಲಿನ ತುಂಡುಗಳು. ಸಾಕ್ಷಾತ್ ಬಾತುಕೋಳಿ! ಅಯ್ಯೋ ರಾಮ ಎಂದು ನೇರ ನೆಲಮಹಡಿಯ ತೊಟ್ಟಿಗೆ ಬೀಳುವ ಅಡಿಗೆಮನೆಯ ಕಸದ ಕಿಂಡಿಗೆ ಸುರಿದು, ಬಟ್ಟಲನ್ನು ಹುಣಿಸೆಹಣ್ಣು ಹಾಕಿ ಮೂರು ಸಲ ಉಜ್ಜಿದೆ. ಖಾಲಿ ಬಟ್ಟಲು ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲವಲ್ಲ, ಒಂದು ಹಿಡಿ ಸಕ್ಕರೆ ಹಾಕಿ ಕೊಟ್ಟೆ. "ವೆರಿ ನೈಸ್," ಎಂದು ಸುಳ್ಳನ್ನೂ ಸೇರಿಸಿದೆ. ಆಂಟಿಯ ಮುಖ ಅರಳಿತು. ಅನುಭವಿಸು ಇನ್ನು! ಹದಿನೈದು ದಿನಕ್ಕೊಮ್ಮೆ ಬಟ್ಟಲು ಬರತೊಡಗಿತು. ಪ್ರತಿ ಸಲವೂ ಅದೇ ಕಿಂಡಿ, ಅದೇ ಹುಣಿಸೆಹಣ್ಣು, ಅದೇ ಸಕ್ಕರೆ.

ಈ ನಡುವೆ ಮಗು ಮಧ್ಯಾಹ್ನ ಆಂಟಿಯ ಮನೆಗೆ ಆಡಲು ಹೋಗುವುದು ರೂಢಿಯಾಯಿತು. ನನಗೂ ಒಂದು ಗಂಟೆ ಬೆನ್ನು ನೆಲಕ್ಕೆ ಹಾಕಲು ಸಿಕ್ಕಿತು. ಎರಡು ತಿಂಗಳಲ್ಲಿ ಮಗಳ ಕೆನ್ನೆ ತುಂಬಿತು. "ನೋಡಿದ್ರಾ ನನ್ನ ರಾಗಿ ಗಂಜಿ ಮಹಿಮೆ!" ಎಂದು ಗಂಡನ ಮುಂದೆ ಬೀಗಿದ್ದೇ ಬೀಗಿದ್ದು. ಗಂಜಿ ದಿನವೂ ಅರ್ಧ ಲೋಟ ಉಳಿಯುತ್ತಿದ್ದದ್ದು ಜಾಣತನದಿಂದ ಮರೆತೆ.

ಒಂದು ಮಧ್ಯಾಹ್ನ ಎಂದಿನಂತೆ ಬಟ್ಟಲು ಬಂದಿತ್ತು. ಇನ್ನೂ ಎಸೆದಿರಲಿಲ್ಲ. ಮಗಳನ್ನು ಕರೆತರಲು ತುಸು ಬೇಗ ಹೋದೆ. ಬಾಗಿಲು ತೆರೆದಿತ್ತು. ಮೇಜಿನ ಮುಂದೆ ಕೂತು ಅವಳು ಅದೇ ಕಂದು ತುಂಡುಗಳನ್ನು ಅನ್ನದ ಜೊತೆ ಗಬಗಬ ತಿನ್ನುತ್ತಿದ್ದಳು.

"ಉಗಿಯೇ ಅದನ್ನ! ಉಗೀ!" ಎಂದು ಕಿರುಚಿದೆ.

ಮಗು ಉಗಿಯಲಿಲ್ಲ, ನುಂಗಿತು. ಇಲ್ಲಿಯವರಂತೆ ಮಾತಿಗೊಂದು 'ಲಾ' ಸೇರಿಸಿ ಹೇಳಿತು, "ಇದು ಮೀಟ್ ಅಲ್ಲ ಲಾ ಅಮ್ಮ! ಕಾಳಿಂದ ಮಾಡಿದ್ದು."

ಆಂಟಿ ನನ್ನ ಕೈಹಿಡಿದು ಅಡಿಗೆಮನೆಗೆ ಕರೆದೊಯ್ದು ಸೋಯಾಬೀನಿನ ಒಣ ಹಾಳೆಗಳ ಪೊಟ್ಟಣ ತೋರಿಸಿದರು. "ಬೀನ್! ನೋ ಮೀಟ್. ನೋ ಆನಿಯನ್, ನೋ ಗಾರ್ಲಿಕ್." ಗೋಡೆಯ ಮೇಲಿದ್ದ ಬಿಳಿ ಸೀರೆಯಂಥ ಉಡುಗೆಯ ದೇವಿಗೆ ಕೈಮುಗಿದರು. ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಅವರೂ ಮಾಂಸ ಮುಟ್ಟುವುದಿಲ್ಲವಂತೆ. ನಮ್ಮನೆ ಗೋಡೆಯಲ್ಲೇ ಪಂಚಾಂಗದ ಕ್ಯಾಲೆಂಡರ್ ನೇತಾಡುತ್ತಿತ್ತು. ಬಟ್ಟಲು ಬರುವ ದಿನ ಯಾವುದೆಂದು ಒಮ್ಮೆಯಾದರೂ ನೋಡಿದ್ದೆನೇ ನಾನು!

"ಉಳಿದ ದಿನ?" ಎಂದೆ, ಇನ್ನೂ ಅನುಮಾನ ಹೋಗಿರಲಿಲ್ಲ.

ಅವರು ಮೇಲಿನ ಹಲಗೆಯಿಂದ ಒಂದು ಪುಟ್ಟ ಪಾತ್ರೆ ಇಳಿಸಿದರು. ಹಿಡಿಗೆ ಕೆಂಪು ದಾರ ಕಟ್ಟಿತ್ತು. ಜೊತೆಗೊಂದು ಸೌಟು, ಅದಕ್ಕೂ ಕೆಂಪು ದಾರ. "ದಿಸ್ ಒನ್ ಓನ್ಲಿ ಗರ್ಲ್," ಎಂದರು. ನನ್ನ ಮಗಳಿಗೆಂದೇ ಕೊಂಡು, ಮಾಂಸದ ಸೋಂಕಿಲ್ಲದೆ ಇಟ್ಟ ಪಾತ್ರೆ ಅದು. ನಮ್ಮಜ್ಜಿ ಮಡಿ ಪಾತ್ರೆಗಳನ್ನು ಹೀಗೇ ಬೇರೆ ಇಡುತ್ತಿದ್ದರು, ಬೇರೆಯವರು ಮುಟ್ಟಬಾರದೆಂದು. ಬೇರೆಯವರ ಮಗು ಉಣ್ಣಲಿ ಎಂದು ಮಡಿ ಮಾಡಿದವರನ್ನು ನಾನು ಅಂದೇ ಮೊದಲು ಕಂಡದ್ದು.

"ನಂಗ್ಯಾಕೇ ಹೇಳ್ಲಿಲ್ಲ?" ಎಂದು ಮಗಳನ್ನು ಕೇಳಿದೆ.

"ನೀನು ಆಂಟಿ ಕೊಟ್ಟಿದ್ದೆಲ್ಲ ಎಸೀತಿದ್ಯಲ್ಲ. ಬೈತೀಯ ಅಂತ."

ಇನ್ನು ಮುಚ್ಚಿಡುವುದೇನು? "ಆಂಟಿ, ಐ ಥ್ರೋ. ಎವೆರಿ ಟೈಮ್," ಎಂದೆ.

"ಐ ನೋ ಲಾ. ಗರ್ಲ್ ಟೆಲ್ ಮಿ ಲಾಂಗ್ ಟೈಮ್," ಎಂದರು, ಪಾತ್ರೆಯನ್ನು ಒರೆಸುತ್ತಲೇ.

ಗೊತ್ತಿದ್ದೂ ಯಾಕೆ ಕಳಿಸಿದಿರಿ ಎಂದು ಕೇಳಿದೆ. "ಒನ್ ಡೇ ಯು ಈಟ್," ಎಂದರು. ಅಷ್ಟೇ. ನಾಚಿಕೆಯಿಂದ ಅಲ್ಲೇ ಅತ್ತುಬಿಟ್ಟೆ. ಆ ಪುಣ್ಯಾತ್ಗಿತ್ತಿಯ ಋಣ ಇವತ್ತಿಗೂ ತೀರಿಲ್ಲ.

ಸಂಜೆ ಗಂಡ ಬಂದವರೇ, "ಏನು, ಟಿಕೆಟ್ ಬುಕ್ ಮಾಡ್ಲಾ? ದಸರಾ ಹತ್ರ ಬಂತು," ಎಂದು ಛೇಡಿಸಿದರು. "ಸುಮ್ನೆ ಕೈಕಾಲು ತೊಳ್ಕೊಂಡು ಬನ್ನಿ," ಎಂದು ಆಂಟಿಯ ಬಟ್ಟಲನ್ನು ಊಟಕ್ಕಿಟ್ಟೆ. ಶುಂಠಿ ಹಾಕಿ ಬೇಯಿಸಿದ್ದರು. ಗಂಡನಿಗೆ ಎರಡೇ ತುಂಡು ಸಿಕ್ಕಿತು.

ಮರುದಿನ ಬಟ್ಟಲು ಹಿಂದಿರುಗಿಸಲು ಹೋದಾಗ ಸಕ್ಕರೆ ಹಾಕಲಿಲ್ಲ. ಮುಚ್ಚಿಡಲು ಸುಳ್ಳಿರಲಿಲ್ಲ, "ಆಂಟಿ, ಐ ಈಟ್," ಎಂದೆ. ಆಂಟಿ ಮುಚ್ಚಳ ತೆಗೆದು ನೋಡಿದರು. ಖಾಲಿ ಬಟ್ಟಲನ್ನು ಬಗ್ಗಿಸಿ ನನ್ನ ಮಗಳಿಗೂ ತೋರಿಸಿ, ಹಲ್ಲಿಲ್ಲದ ಬಾಯಿ ತುಂಬ ನಕ್ಕರು.