ಮಚ್ಚೆ ಬಂಡೆಯ ಬೆಸುಗೆ

ಉಡುಸಲಮ್ಮನ ಅಜ್ಜ ನಾರಪ್ಪ ಕಲ್ಯಾಣದುರ್ಗದ ಸುತ್ತಿನ ಏಳು ಬಾವಿಗಳಿಗೆ ಮೆಟ್ಟಿಲುಗಲ್ಲು ಸೀಳಿದವನು. ಅಪ್ಪ ಈರಲಿಂಗಪ್ಪ ಹದಿನೆಂಟು ಅಡಿಯ ಚಪ್ಪಡಿಯನ್ನು ಒಂದು ಬಿರುಕೂ ಬೀಳದಂತೆ ಎಬ್ಬಿಸಿದ ಗಟ್ಟಿಗ. ಇಬ್ಬರಿಗೂ ಬಿಳಿಗಲ್ಲಿನ ನಡುವೆ ಕರಿಮಚ್ಚೆಯಿದ್ದರೆ ಆಗದು. ಮಚ್ಚೆ ಕಂಡರೆ ಅದರ ಅಂಚಿಗೇ ಬೆಣೆ ಹೊಡೆದು, ಬೇರ್ಪಡಿಸಿ ಎಸೆಯುವುದು ಆ ಮನೆತನದ ರೂಢಿ.

ಕಂಬದೂರಿನಾಚೆಯ ಗುಡ್ಡದ ಕ್ವಾರಿಯಲ್ಲಿ ಅರವತ್ತರ ಉಡುಸಲಮ್ಮನ ಕೈಯೂ ಅದೇ ರೂಢಿ ಹಿಡಿಯಿತು. ಮಚ್ಚೆಯಿರುವ ಕಲ್ಲಿನ ಮಾದರಿ ಸೀಳಿಸಲು ಅವಳನ್ನು ಕರೆತಂದಿದ್ದ, ಹಿಂದೂಪುರದ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವ ಮೇಡಂ ಕೃಷ್ಣವೇಣಿ ನೋಡುವಷ್ಟರಲ್ಲಿ ಅಂಚಿನ ಮೇಲೆ ಎರಡು ಕುಳಿ ಬಿದ್ದಿದ್ದವು.

ಕೃಷ್ಣವೇಣಿ ಓಡಿಬಂದು ಕೈ ಹಿಡಿದು ವಿವರಿಸಿದಳು. ಬಿಳಿಗಲ್ಲಿಗೆ ಇನ್ನೂರೈವತ್ತು ಕೋಟಿ ವರ್ಷವಂತೆ. ಅದು ಕುದಿಯುವ ಪಾಕವಾಗಿ ಮೇಲೇರುವಾಗ ತನಗಿಂತ ಹಳೆಯ ನೆಲದ ತುಣುಕೊಂದನ್ನು ನುಂಗಿತ್ತು. ಅದೇ ಈ ಕರಿಮಚ್ಚೆ. ಆಮೇಲೆ ಈ ಸೀಮೆಯ ನೆಲ ಮತ್ತೆ ಕರಗಲಿಲ್ಲ, ಅದಕ್ಕೇ ಸಾಕ್ಷಿ ಉಳಿದಿದೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳುವುದು ಎರಡೂ ಕೂಡಿದ ಬೆಸುಗೆ. ಅದು ಒಡೆದರೆ ಬಂದದ್ದೇ ದಂಡ.

"ನಮ್ಮಪ್ಪ ಕಸ ಅಂತ ಎಸೆದಿದ್ದು ಅಷ್ಟು ಹಳೇದಾ ಕಣಮ್ಮ?" ಎಂದಳು ಉಡುಸಲಮ್ಮ. ಉತ್ತರಕ್ಕೆ ಕಾಯಲಿಲ್ಲ. ಮೂರು ಗಂಟೆಗೆ ಆ ಬಂಡೆಗೆ ಸಿಡಿಮದ್ದು ಇಡುವವರಿದ್ದರು, ಆಗಲೇ ಎರಡಾಗಿತ್ತು.

ಬೆಸುಗೆಯೂ ಬಂಡೆಯ ಬಿಳಿ ಮೂಲೆಯೂ ಸೇರಿ ಬರುವಂತೆ ಮಚ್ಚೆಯ ನಡುವೆ, ಅಂಚಿನಿಂದ ಒಂದು ಗೇಣು ಬಿಟ್ಟು, ಕುಳಿಗಳ ಹೊಸ ಸಾಲು ಕೊರೆದು ಬೆಣೆ ಇಟ್ಟಳು. ಒಂದೊಂದಕ್ಕೂ ಒಂದೊಂದೇ ಏಟು, ಆಮೇಲೆ ಕಿವಿಗೊಟ್ಟು ಕೇಳುವುದು. ನಾಲ್ಕನೆಯ ಬೆಣೆಯ ದನಿ ಮಂಕಾಯಿತು. ನೀರು ಸುರಿದು ನೋಡಿದಳು. ಕಲ್ಲು ಆರಿದರೂ ಕೂದಲೆಳೆಯಷ್ಟು ಗೆರೆಯೊಂದು ಒದ್ದೆಯಾಗೇ ಉಳಿಯಿತು. ಬಿರುಕು ತಪ್ಪಾಗಿ ತೋಡಿದ ಕುಳಿಗಳ ಕಡೆ, ಬೆಸುಗೆಯತ್ತ ತಿರುಗುತ್ತಿತ್ತು.

ಜಾಗ ಬಿಡಿ ಎಂದು ಎಚ್ಚರಿಸುವ ಮೊದಲ ಸೈರನ್ ಕೂಗಿತು. ಕ್ವಾರಿಯ ಮೇಸ್ತ್ರಿ ಜಯಚಂದ್ರ ಬಂದು, ದೊಡ್ಡ ಸುತ್ತಿಗೆಯಲ್ಲಿ ಒಂದೇ ಏಟಿಗೆ ಮುಗಿಸುತ್ತೇನೆಂದು ತೆಲುಗಿನಲ್ಲಿ ರೇಗಿದ. ಅವಳು ತಲೆಯೆತ್ತಲಿಲ್ಲ. ಎರಡು ಬೆಣೆ ಸಡಿಲಿಸಿ, ಎದುರು ತುದಿಯಲ್ಲಿ ತೆಳುವಾದವನ್ನು ತೂರಿಸಿ ಮೆಲ್ಲಗೆ ತಟ್ಟಿದಳು. ಮೂರನೆಯ ಏಟಿಗೆ ಕಲ್ಲು ಗಂಟೆಯಂತೆ ದನಿ ಕೊಟ್ಟಿತು, ಐದನೆಯದಕ್ಕೆ ಬಿಟ್ಟುಕೊಂಡಿತು. ಕೈಗೆ ಬಂದ ತುಂಡಿನಲ್ಲಿ ಅರ್ಧ ಬಿಳಿ, ಅರ್ಧ ಕಪ್ಪು. ನಡುವೆ ಬೆಸುಗೆ ಇದ್ದಂತೆಯೇ ಇತ್ತು.

ಎರಡನೆಯ ಸೈರನ್ನಿಗೆ ಜಯಚಂದ್ರನೂ ಕೃಷ್ಣವೇಣಿಯೂ ಅದನ್ನೆತ್ತಲು ಒಟ್ಟಿಗೇ ಬಗ್ಗಿದರು. ಉಡುಸಲಮ್ಮ ಅಡ್ಡ ನಿಂತಳು.

"ವದ್ದಪ್ಪ, ಬ್ಯಾಡ, ಕೈ ತೆಗೀರಿ ಇಬ್ರೂನೂ. ನೀನು ಉದ್ದ, ಈಯಮ್ಮ ಗಿಡ್ಡ. ಏರುಪೇರಾಗಿ ಎತ್ತಿ ಬೆಸುಗೆ ಬಿಡಿಸ್ಬುಡ್ತೀರ. ಸೀಳಿದೋಳು ನಾನು, ಹೊತ್ಕಂಡು ನಾನೇ ಬತ್ತೀನಿ. ನೀವು ಮುಂದೆ ನಡೀರಿ."